ವೈರ್ ಎಷ್ಟು ದಪ್ಪ ಇರಬೇಕು?



ಸ್ವಿಚ್ ಒತ್ತುತ್ತೇವೆ. ದೀಪ ಹತ್ತುತ್ತದೆ. ಫ್ಯಾನ್ ತಿರುಗುತ್ತದೆ. ಮಿಕ್ಸಿ ಚಟ್ನಿ ಅರೆಯುತ್ತದೆ. ಈ ಕೆಲಸಗಳಿಗೆಲ್ಲ ಬೇಕಾದ ಕರೆಂಟ್ ಎಲ್ಲಿಂದ ಬರುತ್ತದೆ? ಕಂಬದಿಂದ ಮೀಟರಿಗೆ ಬರುತ್ತದೆ. ಮೀಟರಿನಿಂದ ಗೋಡೆಯೊಳಗಿನ ವೈರಿನಲ್ಲಿ ಹರಿದು ನಮ್ಮ ಸಾಮಾನಿಗೆ ಬರುತ್ತದೆ.

ದೀಪ ಕಣ್ಣಿಗೆ ಕಾಣುತ್ತದೆ, ಸ್ವಿಚ್ಚೂ ಕಾಣುತ್ತದೆ. ವೈರ್ ಮಾತ್ರ ಕಾಣುವುದಿಲ್ಲ. ಅದು ಗೋಡೆಯ ಪೈಪಿನೊಳಗೆ ಇರುತ್ತದೆ. ಕಾಣದ ವಸ್ತುವಿನ ಬಗ್ಗೆ ನಾವು ಕೇಳುವುದಿಲ್ಲ. ಮನೆ ಕಟ್ಟುವಾಗ ಬಾಗಿಲು ಯಾವ ಮರದ್ದು ಎಂದು ಕೇಳುತ್ತೇವೆ. ಸಿಮೆಂಟ್ ಎಷ್ಟು ಮೂಟೆ ಎಂದು ಕೇಳುತ್ತೇವೆ. ವೈರ್ ಎಷ್ಟು ದಪ್ಪ ಎಂದು ಕೇಳುವವರು ಕಡಿಮೆ.

ಕೇಳಬೇಕು. ಏಕೆಂದರೆ ಸಣ್ಣ ವೈರಿಗೆ ದೊಡ್ಡ ಹೊರೆ ಹೊರಿಸಿದರೆ ವೈರ್ ಬಿಸಿಯಾಗುತ್ತದೆ. ಬಿಸಿಯಾದ ವೈರ್ ಮನೆಗೆ ಬೆಂಕಿ ಹಚ್ಚಬಹುದು. ಈ ಪಾಠದಲ್ಲಿ ವೈರಿನ ದಪ್ಪ ಲೆಕ್ಕ ಹಾಕುವುದನ್ನು ಕಲಿಯೋಣ. ಕೂಡುವುದು ಮತ್ತು ಭಾಗಿಸುವುದು ಬಂದರೆ ಸಾಕು.

ಹೂವಿನ ದಾರ, ಬಾವಿಯ ಹಗ್ಗ

ಮಲ್ಲಿಗೆ ಕಟ್ಟಲು ನಾವು ಏನು ಬಳಸುತ್ತೇವೆ? ತೆಳು ದಾರ. ಬಾವಿಯಿಂದ ನೀರು ಸೇದಲು? ದಪ್ಪ ಹಗ್ಗ. ಹೂವಿನ ದಾರದಲ್ಲಿ ಯಾರಾದರೂ ಕೊಡ ಸೇದುತ್ತಾರೆಯೇ? ಸೇದಿದರೆ ದಾರ ಕಿತ್ತು ಕೊಡ ಬಾವಿ ಪಾಲಾಗುತ್ತದೆ.

ವೈರೂ ಹಾಗೆಯೇ. ಒಂದು ದೀಪಕ್ಕೆ ಸಣ್ಣ ವೈರ್ ಸಾಕು. ಗೀಸರಿಗೆ ದಪ್ಪ ವೈರ್ ಬೇಕು. ಆದರೆ ಒಂದು ವ್ಯತ್ಯಾಸ ಇದೆ. ದಾರ ತಾಳದೆ ಹೋದರೆ ಆಗಲೇ ಕಿತ್ತುಹೋಗುತ್ತದೆ, ನಮಗೆ ಗೊತ್ತಾಗುತ್ತದೆ. ವೈರ್ ತಾಳದೆ ಹೋದರೆ ಒಡನೆ ಕೀಳುವುದಿಲ್ಲ. ಒಳಗೊಳಗೇ ಕಾಯುತ್ತದೆ. ದಿನಾ ಸ್ವಲ್ಪ ಸ್ವಲ್ಪ ಕಾಯುತ್ತದೆ. ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆ ಒಣಗಿ ಬಿರಿಯುತ್ತದೆ. ಒಂದು ದಿನ ಒಳಗಿನ ತಾಮ್ರ ಹೊರಗೆ ಬರುತ್ತದೆ. ಎರಡು ವೈರ್ ಒಂದಕ್ಕೊಂದು ತಗುಲಿ ಕಿಡಿ ಹಾರುತ್ತದೆ. ಇದನ್ನೇ ಶಾರ್ಟ್ ಸರ್ಕ್ಯೂಟ್ ಎನ್ನುತ್ತಾರೆ.

ಸಾಮಾನ್ಯ ಪಿ.ವಿ.ಸಿ. ಹೊದಿಕೆ 70 ಡಿಗ್ರಿ ಬಿಸಿಯವರೆಗೆ ಮಾತ್ರ ತಡೆಯುತ್ತದೆ. ಅದಕ್ಕಿಂತ ಹೆಚ್ಚು ಕಾದರೆ ಹಾಳಾಗುತ್ತದೆ.

ಇನ್ನೊಂದು ಮಾತು ತಿಳಿಯಿರಿ. ಒಂದೇ ವೈರಿನಲ್ಲಿ ಕರೆಂಟ್ ಎರಡರಷ್ಟಾದರೆ ಬಿಸಿ ಎರಡರಷ್ಟಲ್ಲ, ನಾಲ್ಕರಷ್ಟು ಆಗುತ್ತದೆ. ಕರೆಂಟ್ ಮೂರರಷ್ಟಾದರೆ ಬಿಸಿ ಒಂಬತ್ತರಷ್ಟು ಆಗುತ್ತದೆ. ಅದಕ್ಕೇ "ಇನ್ನೊಂದು ಸಾಮಾನು ತಾನೇ, ಸಿಕ್ಕಿಸು" ಎನ್ನುವ ಮಾತು ಅಪಾಯ.

ಮೂರು ಪದಗಳು

ಲೆಕ್ಕಕ್ಕೆ ಮೂರು ಪದ ಗೊತ್ತಿರಬೇಕು.

ವೋಲ್ಟ್: ಕರೆಂಟನ್ನು ತಳ್ಳುವ ಒತ್ತಡ. ಮೇಲಿನ ಟ್ಯಾಂಕಿನಿಂದ ನಲ್ಲಿಗೆ ನೀರು ಒತ್ತಿ ಬರುವ ಹಾಗೆ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್.

ಆಂಪ್: ವೈರಿನಲ್ಲಿ ಹರಿಯುವ ಕರೆಂಟಿನ ಪ್ರಮಾಣ. ಪೈಪಿನಲ್ಲಿ ಹರಿಯುವ ನೀರಿನ ಪ್ರಮಾಣ ಇದ್ದ ಹಾಗೆ. ವೈರನ್ನು ಕಾಯಿಸುವುದು ಇದೇ.

ವ್ಯಾಟ್: ಒಂದು ಸಾಮಾನು ಎಷ್ಟು ಶಕ್ತಿ ಎಳೆಯುತ್ತದೆ ಎಂಬ ಲೆಕ್ಕ. ಇದನ್ನು ಸಾಮಾನಿನ ಮೇಲೆ ಬರೆದಿರುತ್ತಾರೆ. ಮಿಕ್ಸಿಯನ್ನು ಎತ್ತಿ ತಳ ನೋಡಿ. ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ 500 ಅಥವಾ 750 ಎಂಬ ಸಂಖ್ಯೆ ಇರುತ್ತದೆ.

ಸೂತ್ರ ಒಂದೇ:

ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪ್ ಸಿಗುತ್ತದೆ.

ಭಾಗಾಕಾರ ಕಷ್ಟವಾದರೆ ಈ ಪಟ್ಟಿ ನೋಡಿ.

230 ವ್ಯಾಟ್ – 1 ಆಂಪ್
460 ವ್ಯಾಟ್ – 2 ಆಂಪ್
1150 ವ್ಯಾಟ್ – 5 ಆಂಪ್
2300 ವ್ಯಾಟ್ – 10 ಆಂಪ್
3450 ವ್ಯಾಟ್ – 15 ಆಂಪ್

ಇಸ್ತ್ರಿ ಪೆಟ್ಟಿಗೆ 1000 ವ್ಯಾಟ್. 1000ವನ್ನು 230ರಿಂದ ಭಾಗಿಸಿ. 4.3 ಬರುತ್ತದೆ. ಅಂದರೆ ಇಸ್ತ್ರಿ ಪೆಟ್ಟಿಗೆ ನಾಲ್ಕು ಆಂಪಿಗಿಂತ ಸ್ವಲ್ಪ ಹೆಚ್ಚು ಕರೆಂಟ್ ಎಳೆಯುತ್ತದೆ. 9 ವ್ಯಾಟಿನ ಎಲ್.ಇ.ಡಿ. ಬಲ್ಬ್? ಅದು ಒಂದು ಆಂಪಿನ ಇಪ್ಪತ್ತೈದರಲ್ಲಿ ಒಂದು ಪಾಲು. ಒಂದು ಇಸ್ತ್ರಿ ಪೆಟ್ಟಿಗೆ ಎಳೆಯುವ ಕರೆಂಟಿನಲ್ಲಿ ನೂರಕ್ಕೂ ಹೆಚ್ಚು ಇಂಥ ಬಲ್ಬ್ ಉರಿಸಬಹುದು.

ನೆನಪಿಡಿ: ಬಿಸಿ ಮಾಡುವ ಸಾಮಾನುಗಳೇ ಹೆಚ್ಚು ಕರೆಂಟ್ ಎಳೆಯುತ್ತವೆ. ಗೀಸರ್, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ರಾಡ್, ಕರೆಂಟ್ ಒಲೆ ಇಂಥವು.

ಗೌರಮ್ಮನ ಪ್ರಶ್ನೆ

ಗೌರಮ್ಮ ಹೊಸ ಮನೆ ಕಟ್ಟಿಸುತ್ತಿದ್ದಾಳೆ. ಎರಡು ಕೋಣೆ, ಒಂದು ಅಡುಗೆ ಮನೆ, ಒಂದು ಬಚ್ಚಲು. ಸಂಘದಲ್ಲಿ ಸಾಲ ಎತ್ತಿದ್ದಾಳೆ. ಗೋಡೆ ಎದ್ದಿದೆ. ಪೈಪ್ ಕೂರಿಸಿದ್ದಾರೆ. ಇನ್ನು ವೈರ್ ಎಳೆಯಬೇಕು. ವೈರಿಂಗ್ ಕೆಲಸದ ಹುಡುಗ ಸಾಮಾನಿನ ಚೀಟಿ ಬರೆದು ತಂದ. ಗೌರಮ್ಮ ಈಗ ಓದು ಕಲಿತಿದ್ದಾಳೆ. ಚೀಟಿಯನ್ನು ಬೆರಳಿಟ್ಟು ಓದಿದಳು. "1.0 ವೈರ್, ಆರು ಸುರುಳಿ" ಎಂದಿತ್ತು.

"ಏನಪ್ಪಾ, ಎಲ್ಲಾ ಕಡೆಗೂ ಒಂದೇ ವೈರಾ?" ಎಂದು ಕೇಳಿದಳು.

"ಹೂಂ ಗೌರಕ್ಕ. ಒಂದೇ ಸೈಜ್ ತಂದ್ರೆ ಕೆಲಸ ಸಲೀಸು. ಕಾಸೂ ಉಳೀತದೆ."

"ದೀಪಕ್ಕೂ ಇದೇ, ಗೀಸರ್‌ಗೂ ಇದೇನಾ?"

"ಈಗೇನು ಗೀಸರ್ ಇಲ್ವಲ್ಲಕ್ಕ. ಹಂಡೆ ಒಲೆ ಇದೆ."

ಸೊಸೆ ಪಕ್ಕದಲ್ಲೇ ಇದ್ದಳು. "ಅತ್ತೆ, ಇವತ್ತು ಇಲ್ಲ. ನಾಳೆ ಸೌದೆ ಸಿಗದೇ ಹೋದ್ರೆ ಗೀಸರ್ ಬೇಕಾಗ್ತದೆ. ಆಗ ಗೋಡೆ ಒಡೀಬೇಕಾ?" ಎಂದಳು.

ಗೌರಮ್ಮ ಹೇಳಿದಳು: "ಸರಿಯಾಗಿ ಹೇಳಿದೆ ಕಣಮ್ಮ. ಬಲ್ಬ್ ಹೋದ್ರೆ ಬದಲಾಯಿಸಬಹುದು. ಗೋಡೆ ಒಳಗಿನ ವೈರು ಇಪ್ಪತ್ತು ಮೂವತ್ತು ವರ್ಷ ಅಲ್ಲೇ ಇರ್ಬೇಕು. ತಮ್ಮಾ, ಕೂತ್ಕೋ. ಯಾವ ಕೋಣೇಲಿ ಏನೇನು ಇರ್ತದೆ ಅಂತ ಬರೆಯೋಣ. ಲೆಕ್ಕ ಹಾಕಿ ಆಮೇಲೆ ವೈರ್ ತರೋಣ."

ಹುಡುಗನಿಗೆ ಬೇಸರವಾಗಲಿಲ್ಲ. "ಆಗಲಿ ಅಕ್ಕ. ಎಲ್ಲರೂ ಕಮ್ಮಿ ರೇಟು, ಕಮ್ಮಿ ರೇಟು ಅಂತಾರೆ. ಅದಕ್ಕೇ ಹಾಗೆ ಬರೆದೆ. ಲೆಕ್ಕ ಕೇಳೋರು ಇದ್ರೆ ನಮಗೂ ಒಳ್ಳೇದೇ" ಎಂದ.

ವೈರಿನ ನಂಬರ್ ಎಂದರೇನು?

ವೈರಿನ ಮೇಲೆ 1.0, 1.5, 2.5, 4, 6 ಎಂಬ ನಂಬರ್ ಇರುತ್ತದೆ. ಇದು ಒಳಗಿನ ತಾಮ್ರದ ದಪ್ಪ. ಮೇಲಿನ ಪ್ಲಾಸ್ಟಿಕ್ ಇದರಲ್ಲಿ ಸೇರಿಲ್ಲ. ವೈರನ್ನು ಸೌತೆಕಾಯಿಯಂತೆ ಅಡ್ಡ ಕತ್ತರಿಸಿ. ಕತ್ತರಿಸಿದ ಕಡೆ ತಾಮ್ರ ಎಷ್ಟು ಜಾಗ ತುಂಬಿದೆಯೋ ಅದೇ ಆ ನಂಬರ್. ಇದನ್ನು ಚದರ ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಅಂಗಡಿಯಲ್ಲಿ "ಒಂದೂವರೆ ಎಂ.ಎಂ.", "ಎರಡೂವರೆ ಎಂ.ಎಂ." ಎನ್ನುತ್ತಾರೆ. ನಂಬರ್ ದೊಡ್ಡದಾದಷ್ಟೂ ವೈರ್ ದಪ್ಪ.

ಹಳೆಯ ವೈರಿಂಗ್ ಕೆಲಸದವರು ಬೇರೆ ಲೆಕ್ಕ ಹೇಳುತ್ತಾರೆ. "ಮೂರು ಬೈ ಇಪ್ಪತ್ತು" ಎನ್ನುತ್ತಾರೆ. ಮೂರು ಎಂದರೆ ವೈರಿನೊಳಗೆ ಮೂರು ಎಳೆ. ಇಪ್ಪತ್ತು ಎಂದರೆ ಎಳೆಯ ಗೇಜ್. ಗೇಜಿನಲ್ಲಿ ಲೆಕ್ಕ ತಿರುಗುಮುರುಗು. ಗೇಜ್ ನಂಬರ್ ಹೆಚ್ಚಾದಷ್ಟೂ ಎಳೆ ತೆಳುವಾಗುತ್ತದೆ. ಮೂರು ಬೈ ಇಪ್ಪತ್ತು ಎಂದರೆ ಹೆಚ್ಚು ಕಡಿಮೆ 2 ಚದರ ಮಿಲಿಮೀಟರ್. ಮೂರು ಬೈ ಇಪ್ಪತ್ತೆರಡು ಎಂದರೆ 1.2 ಮಾತ್ರ. ಏಳು ಬೈ ಇಪ್ಪತ್ತು ಎಂದರೆ 4.6. ಅನುಮಾನ ಬಂದರೆ "ಎಂ.ಎಂ. ಲೆಕ್ಕದಲ್ಲಿ ಹೇಳಪ್ಪ" ಎಂದು ಕೇಳಿ.

ಯಾವ ವೈರ್ ಎಷ್ಟು ಕರೆಂಟ್ ತಡೆಯುತ್ತದೆ?

ಇದು ಗೋಡೆಯ ಪೈಪಿನೊಳಗೆ ಹಾಕಿದ ತಾಮ್ರದ ವೈರಿನ ಲೆಕ್ಕ.

1.0 ವೈರ್ – ಸುಮಾರು 11 ಆಂಪ್
1.5 ವೈರ್ – ಸುಮಾರು 13 ಆಂಪ್
2.5 ವೈರ್ – ಸುಮಾರು 18 ಆಂಪ್
4 ವೈರ್ – ಸುಮಾರು 24 ಆಂಪ್
6 ವೈರ್ – ಸುಮಾರು 31 ಆಂಪ್

ಕಂಪನಿಯಿಂದ ಕಂಪನಿಗೆ ಈ ಸಂಖ್ಯೆ ಸ್ವಲ್ಪ ಬದಲಾಗುತ್ತದೆ. ಒಂದೇ ಪೈಪಿನಲ್ಲಿ ಬಹಳ ವೈರ್ ತುರುಕಿದರೆ ಇಷ್ಟೂ ತಡೆಯುವುದಿಲ್ಲ. ಏಕೆ? ಗಾಳಿಯಾಡುವುದಿಲ್ಲ. ಒಂದರ ಬಿಸಿ ಇನ್ನೊಂದಕ್ಕೆ ತಗುಲುತ್ತದೆ. ಆದ್ದರಿಂದ ವೈರಿನ ಶಕ್ತಿಯನ್ನು ಪೂರ್ತಿ ಬಳಸಬೇಡಿ. ಲೆಕ್ಕಕ್ಕೆ ಬಂದ ಆಂಪಿಗೆ ಕಾಲು ಭಾಗ ಸೇರಿಸಿ. ಆಮೇಲೆ ವೈರ್ ಆರಿಸಿ.

ಗೌರಮ್ಮನ ಮನೆಯ ಲೆಕ್ಕ

ಗೌರಮ್ಮ, ಸೊಸೆ, ವೈರಿಂಗ್ ಹುಡುಗ ಮೂವರೂ ಕುಳಿತರು. ಸೊಸೆ ಬರೆದಳು. ಮನೆಯನ್ನು ಮೂರು ಲೈನ್ ಮಾಡಿದರು.

ಮೊದಲನೇ ಲೈನ್: ದೀಪ ಮತ್ತು ಫ್ಯಾನ್

6 ಬಲ್ಬ್, ಒಂದಕ್ಕೆ 9 ವ್ಯಾಟ್ – 54
3 ಫ್ಯಾನ್, ಒಂದಕ್ಕೆ 75 ವ್ಯಾಟ್ – 225
ಟಿ.ವಿ. – 100
ಒಟ್ಟು – 379 ವ್ಯಾಟ್

379ನ್ನು 230ರಿಂದ ಭಾಗಿಸಿದರೆ 1.6 ಆಂಪ್. ಕಾಲು ಭಾಗ ಸೇರಿಸಿದರೆ 2 ಆಂಪ್. ಲೆಕ್ಕಕ್ಕೆ 1.0 ವೈರೇ ಸಾಕು. ಆದರೂ ದೀಪದ ಲೈನಿಗೆ 1.5 ಹಾಕುವುದು ರೂಢಿ. ವೈರ್ ಗಟ್ಟಿ ಇರುತ್ತದೆ. ಮುಂದೆ ಒಂದೆರಡು ಪಾಯಿಂಟ್ ಸೇರಿಸಬಹುದು. ದೀಪದ ಒಂದು ಲೈನಿನಲ್ಲಿ ಹತ್ತು ಪಾಯಿಂಟಿಗಿಂತ ಹೆಚ್ಚು ಇರಬಾರದು, 800 ವ್ಯಾಟ್ ಮೀರಬಾರದು. ಇದು ವೈರಿಂಗ್ ಕೆಲಸದಲ್ಲಿ ಬಹಳ ಕಾಲದಿಂದ ನಡೆದು ಬಂದ ನಿಯಮ.

ಗೌರಮ್ಮ ಪಾಯಿಂಟ್ ಎಣಿಸಿದಳು. ಆರು ಬಲ್ಬ್, ಮೂರು ಫ್ಯಾನ್, ಒಂದು ಟಿ.ವಿ. ಪ್ಲಗ್. ಸರಿಯಾಗಿ ಹತ್ತು.

ಎರಡನೇ ಲೈನ್: ಅಡುಗೆ ಮನೆ

ಮಿಕ್ಸಿ – 750
ಅನ್ನದ ಕುಕ್ಕರ್ – 700
ಫ್ರಿಜ್ – 200
ಗ್ರೈಂಡರ್ – 150
ಇಸ್ತ್ರಿ ಪೆಟ್ಟಿಗೆ – 1000
ಒಟ್ಟು – 2800 ವ್ಯಾಟ್

2800ನ್ನು 230ರಿಂದ ಭಾಗಿಸಿದರೆ 12.2 ಆಂಪ್. ಕಾಲು ಭಾಗ, ಅಂದರೆ 3 ಸೇರಿಸಿದರೆ ಸುಮಾರು 15 ಆಂಪ್.

ಪಟ್ಟಿ ನೋಡಿ. 1.0 ವೈರ್ ತಡೆಯುವುದು 11 ಆಂಪ್. ಹುಡುಗ ಮೊದಲು ಬರೆದ ವೈರ್ ಇದೇ. ಅದನ್ನೇ ಹಾಕಿದ್ದರೆ? ದೀಪ ಉರಿಯುತ್ತಿತ್ತು, ಮಿಕ್ಸಿಯೂ ತಿರುಗುತ್ತಿತ್ತು. ಎಲ್ಲ ಸರಿ ಇದೆ ಎಂದೇ ಅನಿಸುತ್ತಿತ್ತು. ಆದರೆ ಎಲ್ಲ ಸಾಮಾನು ಒಟ್ಟಿಗೆ ಹಾಕಿದ ದಿನ ಗೋಡೆಯೊಳಗೆ ವೈರ್ ಕಾಯುತ್ತಿತ್ತು. ಅಷ್ಟೇ ಕರೆಂಟಿಗೆ 1.0 ವೈರ್, 2.5 ವೈರಿಗಿಂತ ಎರಡೂವರೆಯಷ್ಟು ಬಿಸಿ ಹುಟ್ಟಿಸುತ್ತದೆ.

1.5 ವೈರ್ ತಡೆಯುವುದು 13. ಅದೂ ಸಾಲದು. 2.5 ವೈರ್ 18 ಆಂಪ್ ತಡೆಯುತ್ತದೆ. ಇದು ಸರಿ.

ಮೂರನೇ ಲೈನ್: ಬಚ್ಚಲು ಮನೆಯ ಗೀಸರ್

ಗೀಸರ್ 2000 ವ್ಯಾಟ್ ಎಂದುಕೊಳ್ಳಿ. ಭಾಗಿಸಿದರೆ 8.7 ಆಂಪ್. ಕಾಲು ಭಾಗ ಸೇರಿಸಿದರೆ ಸುಮಾರು 11 ಆಂಪ್.

"ಹಾಗಾದ್ರೆ 1.5 ಸಾಕಲ್ಲ? ಅದು 13 ತಡೀತದೆ" ಎಂದಳು ಸೊಸೆ.

ಹುಡುಗ ಹೇಳಿದ: "ಇಲ್ಲ ಅಕ್ಕ. ಗೀಸರ್‌ಗೆ ದೊಡ್ಡ ಪ್ಲಗ್ ಇಡ್ತೀವಿ. ಅದು 16 ಆಂಪ್ ಪ್ಲಗ್. ಪ್ಲಗ್ ಇದೆ ಅಂದ್ರೆ ಯಾರಾದ್ರೂ 16 ಆಂಪ್‌ವರೆಗೂ ಎಳೀಬಹುದು. ಪ್ಲಗ್ ಎಷ್ಟು ತಡೀತದೋ ವೈರೂ ಅಷ್ಟು ತಡೀಬೇಕು."

ಇದು ನೆನಪಿಡಬೇಕಾದ ಮಾತು. 16 ಆಂಪಿನ ದೊಡ್ಡ ಪ್ಲಗ್ ಇರುವ ಕಡೆ 2.5ಕ್ಕಿಂತ ಸಣ್ಣ ವೈರ್ ಬೇಡ. ಗೀಸರ್ 3000 ವ್ಯಾಟಿನದಾದರೆ 13 ಆಂಪ್ ಆಗುತ್ತದೆ. ಕಾಲು ಭಾಗ ಸೇರಿಸಿದರೆ 16 ದಾಟುತ್ತದೆ. ಆಗ 4ರ ವೈರ್ ಹಾಕುವುದು ಒಳ್ಳೆಯದು. ಗೀಸರ್ ಲೈನ್ ಮೇನ್ ಬೋರ್ಡಿನಿಂದ ನೇರ ಬರಬೇಕು. ಅದರಲ್ಲಿ ಬೇರೆ ಯಾವುದನ್ನೂ ಸೇರಿಸಬಾರದು.

ಮೇನ್ ವೈರ್

ಮೂರೂ ಲೈನ್ ಕೂಡಿಸಿ. 379, 2800, 2000. ಒಟ್ಟು 5179 ವ್ಯಾಟ್. 230ರಿಂದ ಭಾಗಿಸಿದರೆ 22.5 ಆಂಪ್. ಕಾಲು ಭಾಗ ಸೇರಿಸಿದರೆ 28 ಆಂಪ್. 4ರ ವೈರ್ 24 ಆಂಪ್ ತಡೆಯುತ್ತದೆ, ಸಾಲದು. 6ರ ವೈರ್ 31 ತಡೆಯುತ್ತದೆ. ಮೀಟರಿನಿಂದ ಮನೆಯ ಬೋರ್ಡಿಗೆ 6ರ ವೈರ್ ಬೇಕು.

ಇಷ್ಟು ವ್ಯಾಟ್ ಬಳಸುವುದಾದರೆ ವಿದ್ಯುತ್ ಕಂಪನಿಗೆ ತಿಳಿಸಿ ಮಂಜೂರಾತಿ ಪಡೆಯಬೇಕು. ಮೀಟರಿನ ಆಚೆಯ ವೈರ್ ಕಂಪನಿಯದು. ಅದನ್ನು ನಾವು ಮುಟ್ಟಬಾರದು.

ಮೂರು ಬಣ್ಣದ ವೈರ್

ಒಂದೊಂದು ಪ್ಲಗ್ಗಿಗೂ ಮೂರು ವೈರ್ ಬರಬೇಕು.

ಕೆಂಪು – ಫೇಸ್. ಕರೆಂಟ್ ಬರುವ ವೈರ್.
ಕಪ್ಪು – ನ್ಯೂಟ್ರಲ್. ಕರೆಂಟ್ ಹಿಂದೆ ಹೋಗುವ ವೈರ್.
ಹಸಿರು – ಅರ್ಥ್. ಜೀವ ಉಳಿಸುವ ವೈರ್.

ಬಂದಷ್ಟು ಕರೆಂಟ್ ಹಿಂದೆ ಹೋಗಬೇಕು. ಆದ್ದರಿಂದ ಕೆಂಪು ಎಷ್ಟು ದಪ್ಪವೋ ಕಪ್ಪೂ ಅಷ್ಟೇ ದಪ್ಪ ಇರಬೇಕು. ಇಂಥ ಸಣ್ಣ ಲೈನುಗಳಲ್ಲಿ ಹಸಿರು ವೈರನ್ನೂ ಅದೇ ಸೈಜಿನದು ಹಾಕಿಸಿ. ಕಾಸು ಉಳಿಸಲು ಹಸಿರು ವೈರನ್ನೇ ಬಿಡುವವರಿದ್ದಾರೆ. ಬಿಡಲು ಒಪ್ಪಬೇಡಿ. ಗೀಸರಿನ ಮೈಗೆ ಕರೆಂಟ್ ಇಳಿದರೆ ಅದನ್ನು ನೆಲಕ್ಕೆ ಒಯ್ಯುವುದು ಈ ಹಸಿರು ವೈರು.

ಕಾವಲುಗಾರ: ಫ್ಯೂಸ್ ಮತ್ತು ಎಂ.ಸಿ.ಬಿ.

ವೈರಿಗೆ ಒಬ್ಬ ಕಾವಲುಗಾರ ಬೇಕು. ಹಳೆಯ ಮನೆಗಳಲ್ಲಿ ಫ್ಯೂಸ್ ಇರುತ್ತದೆ. ಹೊಸ ಮನೆಗಳಲ್ಲಿ ಎಂ.ಸಿ.ಬಿ. ಇರುತ್ತದೆ. ಕರೆಂಟ್ ಮಿತಿ ಮೀರಿದರೆ ಫ್ಯೂಸ್ ತಂತಿ ಕರಗಿ ತುಂಡಾಗುತ್ತದೆ. ಎಂ.ಸಿ.ಬಿ. ತಾನೇ ಕೆಳಗೆ ಬೀಳುತ್ತದೆ. ಲೈನ್ ನಿಲ್ಲುತ್ತದೆ, ವೈರ್ ಉಳಿಯುತ್ತದೆ.

ಕಾವಲುಗಾರನ ನಂಬರ್ ವೈರಿನ ಶಕ್ತಿಗಿಂತ ಕಡಿಮೆ ಇರಬೇಕು. ಆಗ ವೈರ್ ಕಾಯುವ ಮೊದಲೇ ಅದು ಬೀಳುತ್ತದೆ.

1.5 ವೈರ್ – 6 ಅಥವಾ 10 ಆಂಪ್ ಎಂ.ಸಿ.ಬಿ.
2.5 ವೈರ್ – 16 ಆಂಪ್ ಎಂ.ಸಿ.ಬಿ.
4 ವೈರ್ – 20 ಆಂಪ್ ಎಂ.ಸಿ.ಬಿ.

ಕೆಲವರು ಏನು ಮಾಡುತ್ತಾರೆ? ಎಂ.ಸಿ.ಬಿ. ಪದೇ ಪದೇ ಬೀಳುತ್ತದೆ ಎಂದು 16 ತೆಗೆದು 32 ಹಾಕಿಸುತ್ತಾರೆ. ಫ್ಯೂಸ್ ಸುಟ್ಟರೆ ದಪ್ಪ ತಂತಿ ಸುತ್ತುತ್ತಾರೆ. ಆಮೇಲೆ ಫ್ಯೂಸ್ ಹೋಗುವುದೇ ಇಲ್ಲ. ಹೋಗುವುದು ವೈರು. ಬೊಗಳಿ ಎಬ್ಬಿಸಿದ ನಾಯಿಯ ಬಾಯಿ ಕಟ್ಟಿದರೆ ಕಳ್ಳನಿಗೇ ಅನುಕೂಲ. ಎಂ.ಸಿ.ಬಿ. ಬಿದ್ದರೆ ಸಾಮಾನು ಕಡಿಮೆ ಮಾಡಿ. ಆಗಲೂ ಬಿದ್ದರೆ ತಿಳಿದವರನ್ನು ಕರೆಸಿ.

ಇನ್ನೊಂದು ಮಾತು. ಎಂ.ಸಿ.ಬಿ. ಕಾಯುವುದು ವೈರನ್ನು. ಮನುಷ್ಯನಿಗೆ ಶಾಕ್ ಹೊಡೆದರೆ ಎಷ್ಟೋ ಸಲ ಅದು ಬೀಳುವುದಿಲ್ಲ. ಜೀವ ಕಾಯಲು ಆರ್.ಸಿ.ಸಿ.ಬಿ. ಎಂಬ ಬೇರೆ ಸಾಧನ ಇದೆ. ಮನೆಗೆ 30 ಮಿಲಿಆಂಪಿನದನ್ನು ಹಾಕಿಸಬೇಕು.

ಕೊಟ್ಟಿಗೆಗೆ ದೂರದ ವೈರ್

ಉದ್ದ ಪೈಪಿನ ಕೊನೆಯಲ್ಲಿ ನೀರು ಸಣ್ಣಗೆ ಬರುತ್ತದೆ. ಉದ್ದ ವೈರಿನ ಕೊನೆಯಲ್ಲೂ ವೋಲ್ಟ್ ಕಡಿಮೆಯಾಗುತ್ತದೆ.

ಮನೆಯಿಂದ 50 ಮೀಟರ್ ದೂರದಲ್ಲಿ ಒಂದು ಯಂತ್ರ ಇದೆ. ಅದು 10 ಆಂಪ್ ಎಳೆಯುತ್ತದೆ ಎಂದುಕೊಳ್ಳಿ. 1.5 ವೈರ್ ಹಾಕಿದರೆ ಸುಮಾರು 12 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. 4ರ ವೈರ್ ಹಾಕಿದರೆ ಸುಮಾರು 5 ವೋಲ್ಟ್ ಮಾತ್ರ ಹೋಗುತ್ತದೆ. ಹಳ್ಳಿಯಲ್ಲಿ ಮೊದಲೇ ವೋಲ್ಟ್ ಕಡಿಮೆ ಬರುವುದುಂಟು. ದಾರಿಯಲ್ಲೂ ಹೋದರೆ ಮೋಟಾರ್ ಮೂಲುಗುತ್ತದೆ, ತಿರುಗುವುದಿಲ್ಲ. ಕೊನೆಗೆ ಸುಟ್ಟುಹೋಗುತ್ತದೆ. ದೂರ ಹೆಚ್ಚಾದರೆ ಲೆಕ್ಕಕ್ಕಿಂತ ದಪ್ಪ ವೈರ್ ಹಾಕಿಸಿ.

ಹಳೆ ಮನೆಗಳವರು ಗಮನಿಸಿ

ನಮ್ಮ ರಾಜ್ಯದಲ್ಲಿ ಭಾಗ್ಯಜ್ಯೋತಿ ಯೋಜನೆಯಿಂದ ಬಡವರ ಮನೆಗೆ ದೀಪ ಬಂತು. ಕುಟೀರಜ್ಯೋತಿ ಯೋಜನೆಯಿಂದಲೂ ಬಂತು. ಆಗ ಕೊಟ್ಟದ್ದು ಒಂದು ಬಲ್ಬಿನ ಸಂಪರ್ಕ. ಆ ವೈರ್ ಒಂದು ಬಲ್ಬಿಗೆಂದು ಹಾಕಿದ್ದು. ಆಮೇಲೆ ಫ್ಯಾನ್ ಬಂತು, ಟಿ.ವಿ. ಬಂತು, ಮಿಕ್ಸಿ ಬಂತು. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದು ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ಲಿನ ಭಾರ ಇಳಿಯಿತು. ಆದರೆ ವೈರಿನ ಭಾರ ಇಳಿಯಲಿಲ್ಲ. ಅದು ಇನ್ನೂ ಹೆಚ್ಚಿತು. ಬಿಲ್ ಕಟ್ಟುವುದು ತಪ್ಪಿದರೂ ವೈರ್ ಕಾಯುವುದು ತಪ್ಪುವುದಿಲ್ಲ.

ಇಂಥ ಮನೆಯಲ್ಲಿ ಇದ್ದೀರಾ? ಹಾಗಾದರೆ ಇಸ್ತ್ರಿ ಪೆಟ್ಟಿಗೆ, ರಾಡ್, ಕರೆಂಟ್ ಒಲೆಗಳನ್ನು ಆ ಹಳೆ ಲೈನಿಗೆ ಸಿಕ್ಕಿಸಬೇಡಿ. ಅವಕ್ಕೆ ಬೇರೆ ಲೈನ್ ಎಳೆಸಿ. ಅಲ್ಲಿಯವರೆಗೆ ಒಂದು ಸಲಕ್ಕೆ ಒಂದೇ ಸಣ್ಣ ಸಾಮಾನು ಬಳಸಿ.

ಕೆಲವು ಹಳೆ ಮನೆಗಳಲ್ಲಿ ಅಲ್ಯೂಮಿನಿಯಂ ವೈರ್ ಇರುತ್ತದೆ. ಅದು ಬೆಳ್ಳಗಿರುತ್ತದೆ. ಅದೇ ದಪ್ಪದ ತಾಮ್ರಕ್ಕಿಂತ ಕಡಿಮೆ ಕರೆಂಟ್ ಹೊರುತ್ತದೆ. ತಾಮ್ರದ ವೈರನ್ನೂ ಅದನ್ನೂ ಸೇರಿಸಿ ಹೊಸೆಯಬಾರದು. ಆ ಗಂಟು ಸಡಿಲವಾಗಿ ಕಾಯುತ್ತದೆ.

ಅಂಗಡಿಯಲ್ಲಿ ಓದಿ ಕೊಳ್ಳಿ

ವೈರ್ ಸುರುಳಿಯಾಗಿ ಬರುತ್ತದೆ. ಸಾಮಾನ್ಯವಾಗಿ ಒಂದು ಸುರುಳಿಗೆ 90 ಮೀಟರ್. ಕೊಳ್ಳುವಾಗ ನೀವೇ ಓದಿ.

1. ದಪ್ಪದ ನಂಬರ್ ಓದಿ. ಚೀಟಿಯಲ್ಲಿ 2.5 ಇದ್ದು ಸುರುಳಿಯಲ್ಲಿ 1.5 ಇದ್ದರೆ ವಾಪಸ್ ಕೊಡಿ.
2. ಐ.ಎಸ್.ಐ. ಗುರುತು ನೋಡಿ. ಗುರುತಿನ ಮೇಲೆ ಐ.ಎಸ್. 694 ಎಂದಿರಬೇಕು. ಕೆಳಗೆ ಲೈಸೆನ್ಸ್ ನಂಬರ್ ಇರಬೇಕು. ಬಿ.ಐ.ಎಸ್. ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಆ ನಂಬರ್ ಹಾಕಿ ಅಸಲಿಯೋ ನಕಲಿಯೋ ನೋಡಬಹುದು.
3. ತಾಮ್ರವೋ ಅಲ್ಯೂಮಿನಿಯಮ್ಮೋ ಕೇಳಿ.
4. ರಸೀದಿ ಪಡೆಯಿರಿ. ರಸೀದಿಯಲ್ಲಿ ನಂಬರ್ ಬರೆಸಿ.

ನೋಡಲು ದಪ್ಪ ಇದ್ದ ಮಾತ್ರಕ್ಕೆ ನಂಬಬೇಡಿ. ಪ್ಲಾಸ್ಟಿಕ್ ದಪ್ಪ ಇದ್ದು ತಾಮ್ರ ತೆಳುವಾಗಿರಬಹುದು. ಜೊಳ್ಳು ಭತ್ತ ಹೊರಗಿನಿಂದ ಭತ್ತದಂತೆಯೇ ಕಾಣುತ್ತದೆ.

ಲೆಕ್ಕ ನಮ್ಮದು, ಕೆಲಸ ತಿಳಿದವರದು. ವೈರ್ ಎಳೆಯುವ ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರರ ಕೈಯಲ್ಲೇ ಮಾಡಿಸಿ.

ಅಪಾಯದ ಗುರುತುಗಳು

ಇವುಗಳಲ್ಲಿ ಯಾವುದು ಕಂಡರೂ ಅಲಕ್ಷ್ಯ ಮಾಡಬೇಡಿ.

ಪ್ಲಗ್ ಅಥವಾ ಸ್ವಿಚ್ ಮುಟ್ಟಿದರೆ ಬಿಸಿ ಇದೆ.
ಪ್ಲಗ್ಗಿನ ತೂತಿನ ಸುತ್ತ ಕಪ್ಪಾಗಿದೆ.
ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬರುತ್ತದೆ.
ಮಿಕ್ಸಿ ಹಾಕಿದರೆ ದೀಪ ಮಂಕಾಗುತ್ತದೆ.
ಸ್ವಿಚ್ ಬೋರ್ಡಿನಲ್ಲಿ ಚಿಟಿಚಿಟಿ ಸದ್ದು ಬರುತ್ತದೆ.

ಹೀಗಾದರೆ ಮೊದಲು ಮೇನ್ ಸ್ವಿಚ್ ಆರಿಸಿ. ಆಮೇಲೆ ತಿಳಿದವರನ್ನು ಕರೆಸಿ. ಮೇನ್ ಸ್ವಿಚ್ ಎಲ್ಲಿದೆ ಎಂದು ಮನೆಯ ಎಲ್ಲರಿಗೂ ಗೊತ್ತಿರಲಿ. ಅಜ್ಜಿಗೂ ಗೊತ್ತಿರಲಿ. ಕರೆಂಟಿನಿಂದ ಹತ್ತಿದ ಬೆಂಕಿಗೆ ನೀರು ಎರಚಬೇಡಿ. ನೀರಿನಿಂದ ಶಾಕ್ ಹೊಡೆಯುತ್ತದೆ. ಒಣ ಮರಳು ಹಾಕಿ. ಬೆಂಕಿ ದೊಡ್ಡದಾದರೆ ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ. 112ಕ್ಕೆ ಫೋನ್ ಮಾಡಿ. ಕಂಬ, ಮೀಟರಿನ ತೊಂದರೆಗೆ 1912ಕ್ಕೆ ಫೋನ್ ಮಾಡಿ.

ನೆನಪಿಡಿ

ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪ್.
ಬಂದ ಆಂಪಿಗೆ ಕಾಲು ಭಾಗ ಸೇರಿಸಿ ವೈರ್ ಆರಿಸಿ.
ದೀಪ, ಫ್ಯಾನಿಗೆ 1.5. ದೊಡ್ಡ ಪ್ಲಗ್ಗಿಗೆ 2.5. ದೊಡ್ಡ ಗೀಸರಿಗೆ 4.
ಸಾಮಾನಿಗಿಂತ ಎಂ.ಸಿ.ಬಿ. ದೊಡ್ಡದು. ಎಂ.ಸಿ.ಬಿ.ಗಿಂತ ವೈರ್ ದೊಡ್ಡದು.
ಹಸಿರು ವೈರ್ ಬಿಡಬೇಡಿ.

ಅಭ್ಯಾಸ

1. ಬಿಟ್ಟ ಸ್ಥಳ ತುಂಬಿ.
ಅ. ನಮ್ಮ ಮನೆಗೆ ಬರುವುದು ______ ವೋಲ್ಟ್.
ಆ. ಅರ್ಥ್ ವೈರಿನ ಬಣ್ಣ ______.
ಇ. ಗೇಜ್ ನಂಬರ್ ಹೆಚ್ಚಾದರೆ ಎಳೆ ______ ಆಗುತ್ತದೆ.

2. ಲೆಕ್ಕ ಮಾಡಿ.
ಅ. ನೀರು ಕಾಯಿಸುವ ರಾಡ್ 1500 ವ್ಯಾಟ್. ಎಷ್ಟು ಆಂಪ್ ಎಳೆಯುತ್ತದೆ? ಅದನ್ನು 6 ಆಂಪಿನ ಸಣ್ಣ ಪ್ಲಗ್ಗಿಗೆ ಸಿಕ್ಕಿಸಬಹುದೇ?
ಆ. ಒಂದು ಲೈನಿನಲ್ಲಿ 2000 ವ್ಯಾಟಿನ ಕರೆಂಟ್ ಒಲೆ, 750 ವ್ಯಾಟಿನ ಮಿಕ್ಸಿ ಇವೆ. ಒಟ್ಟು ಎಷ್ಟು ಆಂಪ್? ಕಾಲು ಭಾಗ ಸೇರಿಸಿ. ಯಾವ ವೈರ್ ಬೇಕು?

3. ನಿಮ್ಮ ಮನೆಯ ಸಾಮಾನುಗಳ ಪಟ್ಟಿ ಮಾಡಿ. ಸ್ವಿಚ್ ಆರಿಸಿ, ಪ್ಲಗ್ ತೆಗೆದು, ಒಂದೊಂದರ ಮೇಲಿನ ವ್ಯಾಟ್ ಓದಿ ಬರೆಯಿರಿ. ಒಟ್ಟು ಎಷ್ಟಾಯಿತು? ಕೂಡಿಸಿ.

4. ಗುಂಪಿನಲ್ಲಿ ಮಾತಾಡಿ. ಎಂ.ಸಿ.ಬಿ. ಬೀಳುತ್ತದೆ ಎಂದು ದೊಡ್ಡದನ್ನು ಹಾಕಿಸುವುದು ಏಕೆ ತಪ್ಪು?

ಉತ್ತರ: 1. 230, ಹಸಿರು, ತೆಳು. 2. ಅ. 6.5 ಆಂಪ್, ಸಿಕ್ಕಿಸಬಾರದು. ಆ. ಸುಮಾರು 12 ಆಂಪ್, ಕಾಲು ಭಾಗ ಸೇರಿಸಿದರೆ 15, 2.5 ವೈರ್ ಬೇಕು.